ದೊಡ್ಡಮ್ಮ ‘ಆಮೇಲೆ’ ಒತ್ತಲಿಲ್ಲ

ನನ್ನ ದೊಡ್ಡಪ್ಪ ಹಲ್ಲು ಕಟ್ಟುವವರು. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಆ ಅಳತೆಗೆ ಸರಿಯಾಗಿ ಹಲ್ಲು ಮಾಡಿಕೊಡುವ ಲ್ಯಾಬು ಅವರದು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಳಗಿನದರಲ್ಲಿ ದೊಡ್ಡಪ್ಪ, ಪ್ಲಾಸ್ಟರಿನ ದವಡೆಗಳು, ಕಂಪ್ಯೂಟರು ಹೇಳಿದ ಆಕಾರಕ್ಕೆ ಹಲ್ಲು ಕೊರೆದುಕೊಡುವ ಯಂತ್ರ, ಎಲ್ಲದರ ಮೇಲೂ ಕೂತ ಬಿಳಿ ಧೂಳು. ಹೊರಗಿನದರಲ್ಲಿ ದೊಡ್ಡಮ್ಮ, ಅವರ ಫೋನು, ಕಂಪ್ಯೂಟರು, ಧೂಳಿನ ಸುಳಿವೂ ಇಲ್ಲದ ಒಂದು ಮೇಜು.

ಅಳತೆಗಳೆಲ್ಲ ಈಗ ಮೇಲ್‌ನಲ್ಲಿ ಬರುತ್ತವೆ. ದೊಡ್ಡಮ್ಮ ಅವನ್ನು ಇಳಿಸಿಕೊಂಡು, ಯಾರದು ಯಾವಾಗ ಬೇಕು ಎಂದು ನೋಡಿ ಒಳಗೆ ಕಳಿಸುತ್ತಾರೆ. ರೋಗಿಗಳ ಮುಖ ಅವರು ನೋಡಿದ್ದೇ ಇಲ್ಲ, ಹಲ್ಲು ಮಾತ್ರ ಬಾಯಿಪಾಠ. ಬಸ್ಸಿನಲ್ಲಿ ಎದುರು ಕೂತವರು ಯಾರಾದರೂ ನಕ್ಕರೆ ನನ್ನ ಪಕ್ಕೆ ತಿವಿದು, “ಆ ನಗು ನಮ್ಮನೇದು ಕಣೇ” ಎನ್ನುತ್ತಿದ್ದರು. ನಾನು ನಾಚಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದೆ.

ಆ ಎರಡೂ ಕೋಣೆಯ ಕಂಪ್ಯೂಟರುಗಳು ಆಗಾಗ ಪರದೆಯ ಮೂಲೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದವು: ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೋ, ಆಮೇಲೋ? ದೊಡ್ಡಪ್ಪ ಎರಡೂ ಕಡೆ ‘ಆಮೇಲೆ’ ಎಂದೇ ಒತ್ತಿಸುತ್ತಿದ್ದರು. ಅದು ಸೋಮಾರಿತನವಲ್ಲ. ಹಿಂದೊಮ್ಮೆ ಅಪ್‌ಡೇಟ್ ಹಾಕಿದ ಮರುಕ್ಷಣವೇ ಕೊರೆಯುವ ಯಂತ್ರ ಕಂಪ್ಯೂಟರಿನ ಜೊತೆ ಟೂ ಬಿಟ್ಟಿತ್ತು. ಕೆಲಸವೆಲ್ಲ ನಿಂತು, ಡಾಕ್ಟರುಗಳು ಕೂಗಾಡಿ, ಯಾರೋ ಒಬ್ಬರು ಮಗಳ ಮದುವೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದೇ ಓಡಾಡಬೇಕಾಯಿತು. ಆ ಸಂಕಟ ದೊಡ್ಡಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಒಂದು ದಿನ ದೊಡ್ಡಮ್ಮ ಬೇರೆ ಏನನ್ನೋ ಕೇಳಲು ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡಿದರು. ಅಲ್ಲಿನ ಹುಡುಗಿ ಇವರ ಸಾಫ್ಟ್‌ವೇರ್ ಎಷ್ಟು ಹಳೆಯದೆಂದು ಕೇಳಿ ಗಾಬರಿಯಾದಳು.

“ಮೇಡಂ, ಅಪ್‌ಡೇಟ್ ಅಂದ್ರೆ ಬರೀ ಹೊಸ ಬಣ್ಣ ಬಳಿಯೋದಲ್ಲ. ಹಳೇದ್ರಲ್ಲಿ ಎಲ್ಲೆಲ್ಲಿ ತೂತಿದೆ ಅಂತ ಕಂಡುಹಿಡಿದು ಮುಚ್ಚಿರ್ತೀವಿ. ನಾವು ಮುಚ್ಚಿದ್ವಿ ಅಂದ ತಕ್ಷಣ ತೂತು ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗತ್ತೆ. ಯಾರು ಇನ್ನೂ ಮುಚ್ಚಿಲ್ವೋ ಅಂಥವರನ್ನೇ ಹುಡುಕ್ತಾರೆ.”

ದೊಡ್ಡಮ್ಮ ಫೋನಿಟ್ಟವರೇ ಸೀದಾ ಒಳಗೆ ಹೋದರು. “ರೀ, ಇಷ್ಟು ದಿನ ಬಾಗಿಲು ತೆಗೆದಿಟ್ಟು ಮಲಗಿದ್ವಿ ನಾವು.”

“ಯಾವ ಬಾಗಿಲು?” ದೊಡ್ಡಪ್ಪ ಮೇಣದ ಹಲ್ಲಿನಿಂದ ಕಣ್ಣೆತ್ತಲಿಲ್ಲ.

ವಿಷಯ ಹೇಳಿದ್ದಕ್ಕೆ ಅವರು, “ನಡೀತಿರೋ ಯಂತ್ರಕ್ಕೆ ಕೈ ಹಾಕ್ಬೇಡ. ನಮ್ಮ ಹತ್ರ ಕದಿಯೋಕೆ ಏನಿದೆ? ಹಲ್ಲಾ?” ಎಂದರು.

“ಊರಿನವರ ಬಾಯೆಲ್ಲ ನಮ್ಮ ಹತ್ರ ಇದೆ. ಹೆಸರು, ಫೋನ್ ನಂಬರು, ಕಾಯಿಲೆ, ಎಲ್ಲ. ನಂಬಿ ಕೊಟ್ಟಿದ್ದಾರೆ ಅಲ್ವಾ?”

ಅಲ್ಲಿಂದ ಇಬ್ಬರೂ ಮಾತು ಬಿಟ್ಟರು. ಆ ದಿನಗಳಲ್ಲಿ ನಾನು ಲ್ಯಾಬಿಗೆ ಹೋದರೆ ನನ್ನನ್ನು ಅಂಚೆಯವಳನ್ನಾಗಿ ಮಾಡಿಕೊಳ್ಳುತ್ತಿದ್ದರು. “ನಿಮ್ಮ ದೊಡ್ಡಪ್ಪಂಗೆ ಹೇಳು, ಕಾಫಿ ಆರ್ತಿದೆ ಅಂತ.” “ನಿಮ್ಮ ದೊಡ್ಡಮ್ಮಂಗೆ ಹೇಳು, ಆರಿದ್ರೇ ನಂಗಿಷ್ಟ ಅಂತ.” ನಡುವೆ ಇದ್ದದ್ದು ಒಂದು ತೆರೆದ ಬಾಗಿಲು, ಅಷ್ಟೇ.

ಕೊನೆಗೆ ಸೋತವರು ಯಾರೆಂದು ಹೇಳುವುದು ಕಷ್ಟ. ದೊಡ್ಡಮ್ಮ ಗಂಡನ ಹೆದರಿಕೆಯನ್ನು ತಳ್ಳಿಹಾಕಲಿಲ್ಲ, ಅದಕ್ಕೊಂದು ದಾರಿ ಹುಡುಕಿದರು. ಮೊದಲು ಎಲ್ಲದರ ಇನ್ನೊಂದು ಪ್ರತಿ ತೆಗೆದು, ಯಾವ ಕಂಪ್ಯೂಟರಿಗೂ ಸೇರಿಸದೆ ಬೀರುವಿನಲ್ಲಿಡುವುದು. ಆಮೇಲೆ ಹೊರಗಿನ ಕಂಪ್ಯೂಟರಿಗೆ ಮಾತ್ರ ಅಪ್‌ಡೇಟ್ ಹಾಕಿ ಕೆಲವು ದಿನ ನೋಡುವುದು. ಯಂತ್ರದ್ದು ಕೊನೆಗೆ, ಅದೂ ರಜೆಯ ದಿನ, ಆ ಹುಡುಗಿ ಫೋನಿನಲ್ಲಿ ಜೊತೆಗಿರುವಾಗ. ದೊಡ್ಡಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು, “ಕೆಟ್ರೆ ನೀನೇ ಜವಾಬ್ದಾರಿ” ಎಂದರು. “ಆಯ್ತು, ನಾನೇ” ಎಂದರು ದೊಡ್ಡಮ್ಮ.

ಹೊರಗಿನದು ಸುಸೂತ್ರವಾಗಿ ಆಯಿತು. ರಜೆಯ ದಿನ ಯಂತ್ರ ಕೆಟ್ಟೇ ಬಿಟ್ಟಿತು!

ಅಂದರೆ ಹಿಂದಿನ ಹಾಗೆಯೇ ಮೌನ ಹಿಡಿಯಿತು. ಅಪ್‌ಡೇಟ್ ಮುಗಿದು ಕಂಪ್ಯೂಟರು ಎದ್ದು ಕೂತಿತು, ಯಂತ್ರ ಮಾತ್ರ ಕಲ್ಲಿನಂತೆ ನಿಂತಿತ್ತು. ದೊಡ್ಡಮ್ಮ ಫೋನಿನಲ್ಲಿ ಹುಡುಗಿಗೆ ವಿಷಯ ಹೇಳಿದರು. ದೊಡ್ಡಪ್ಪ ಈಗ ‘ನಾನು ಹೇಳಿರಲಿಲ್ವಾ’ ಎನ್ನುತ್ತಾರೆ ಎಂದು ನಾನು ಕಾದು ಕೂತಿದ್ದೆ. ಅವರು ಹಾಗೆ ಅನ್ನಲಿಲ್ಲ. ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು, “ಹೇಳಮ್ಮ, ಈಗ ಏನು ಮಾಡೋಣ?” ಎಂದು ತಾವೇ ಕೇಳಿದರು. ಹುಡುಗಿ ಏನನ್ನೋ ಕಳಿಸಿದಳು, ಇವರು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಗುಂಯ್ ಎಂದಿತು. ದೊಡ್ಡಪ್ಪ ಅದರ ಬೆನ್ನು ಸವರಿದರು. “ಊಟಕ್ಕೆ ಏಳಿ” ಎಂದು ದೊಡ್ಡಮ್ಮ ಅವರಿಗೇ ನೇರವಾಗಿ ಹೇಳಿದರು. ನನ್ನ ಅಂಚೆ ಕೆಲಸ ಅಲ್ಲಿಗೆ ಹೋಯಿತು.

ಕೆಲವು ತಿಂಗಳ ಮೇಲೆ, ಬಹಳ ವರ್ಷಗಳಿಂದ ಕೆಲಸ ಕೊಡುತ್ತಿದ್ದ ಡಾಕ್ಟರೊಬ್ಬರ ಹೆಸರಿನಲ್ಲಿ ಒಂದು ಮೇಲ್ ಬಂತು. ‘ಅಳತೆ, ಅರ್ಜೆಂಟ್’ ಎಂದಿತ್ತು. ದೊಡ್ಡಮ್ಮ ಎಂದಿನಂತೆ ತೆರೆಯಹೋದರು. ಕಂಪ್ಯೂಟರು ತಡೆದು, ಇದು ಅಪಾಯಕಾರಿ ಎಂದು ಕೆಂಪು ಅಕ್ಷರದಲ್ಲಿ ಹೇಳಿತು. ಅವರು ಇಂಟರ್ನೆಟ್ಟಿನ ವೈರು ಕಿತ್ತು ಡಾಕ್ಟರಿಗೆ ಫೋನು ಹಚ್ಚಿದರು.

ಆ ಡಾಕ್ಟರು ಜೋಕು ಹೇಳದೆ ಯಾರ ಬಾಯಿಯನ್ನೂ ತೆರೆಸಿದವರಲ್ಲ. ಅವತ್ತು ಒಂದು ಜೋಕೂ ಇಲ್ಲ. “ಅಮ್ಮಾ, ಎಲ್ಲಾ ಹೋಯ್ತು. ಬೆಳಗ್ಗೆ ಬಂದು ನೋಡಿದ್ರೆ ಒಂದು ಫೈಲೂ ತೆಗೆಯೋಕೆ ಬರ್ತಿಲ್ಲ. ದುಡ್ಡು ಕೊಟ್ರೆ ಬಿಡ್ತೀವಿ ಅಂತ ಪರದೆ ಮೇಲೆ ಬರೆದಿದ್ದಾರೆ. ನನ್ನ ಹೆಸರಲ್ಲೇ ಎಲ್ಲರಿಗೂ ಆ ಮೇಲ್ ಹೋಗಿದೆ. ನಾಚಿಕೆ ಆಗ್ತಿದೆ.”

“ಕದ್ದವರಿಗೆ ಆಗ್ಬೇಕು ಕಣ್ರೀ ನಾಚಿಕೆ. ನೀವು ಮೊದ್ಲು ಪೊಲೀಸರಿಗೆ ತಿಳಿಸಿ. ನಾವು ಬರ್ತಿದ್ದೀವಿ.”

ಏಕೆಂದರೆ ದೊಡ್ಡಮ್ಮನಿಗೆ ಒಂದು ವಿಷಯ ಹೊಳೆದಿತ್ತು. ಆ ಡಾಕ್ಟರ ಬಳಿ ಹಲ್ಲು ಕಟ್ಟಿಸಿಕೊಂಡವರ ಅಳತೆಗಳೆಲ್ಲ ಲ್ಯಾಬಿನಲ್ಲಿ ಇದ್ದವು. ದೊಡ್ಡಮ್ಮ ದಿನವೂ ಸಂಜೆ ಕ್ಲಿನಿಕ್ಕಿಗೆ ಹೋಗಿ, ಹೊಸದಾಗಿ ತಂದಿಟ್ಟ ಕಂಪ್ಯೂಟರಿಗೆ ಅವನ್ನು ಒಂದೊಂದಾಗಿ ಹಾಕಿಸಿಕೊಟ್ಟರು. ಕಂಪ್ಯೂಟರು ಬರುವುದಕ್ಕೂ ಮುಂಚಿನ ಕಾಲದವರಿಗಾಗಿ ದೊಡ್ಡಪ್ಪ ಪ್ಲಾಸ್ಟರಿನ ದವಡೆಗಳನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನೆತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದರು. ಎಲ್ಲವೂ ವಾಪಸು ಸಿಗಲಿಲ್ಲ. ಎಕ್ಸ್‌ರೇಗಳು, ಎಷ್ಟೋ ವರ್ಷದ ಟಿಪ್ಪಣಿಗಳು ಹೋದದ್ದು ಹೋದವೇ. ಆದರೆ ಅರ್ಧ ಕೆಲಸವಾಗಿ ಕಾಯುತ್ತಿದ್ದವರಿಗೆಲ್ಲ ಹಲ್ಲು ಬಂತು.

“ನಿಮ್ಮ ಲ್ಯಾಬು ಹೇಗೆ ಬಚಾವಾಯ್ತು?” ಎಂದು ಡಾಕ್ಟರು ಕೇಳಿದಾಗ ದೊಡ್ಡಪ್ಪ, “ಇವಳ ಜೊತೆ ಜಗಳ ಆಡಿ ಸೋತಿದ್ದೆ” ಎಂದರು. ಅಷ್ಟು ದಿನಗಳ ಮೇಲೆ ಡಾಕ್ಟರು ನಕ್ಕದ್ದು ಆಗಲೇ.

ಈಗ ಯಂತ್ರದ ಕೋಣೆಗೆ ಅಪ್‌ಡೇಟ್ ಬಂದರೆ ದೊಡ್ಡಪ್ಪನೇ ಹೊರಗೆ ಕತ್ತು ಹಾಕಿ, “ಏನೇ, ಬಂದಿದೆ ನೋಡು” ಎನ್ನುತ್ತಾರೆ. ಪ್ರತಿ ತೆಗೆದದ್ದಾಯಿತೇ ಎಂದು ಇಬ್ಬರೂ ನೋಡಿ, ‘ಈಗ’ ಒತ್ತುತ್ತಾರೆ. ಅದು ಮುಗಿಯುವ ತನಕ ಕೈಗೆ ಕೆಲಸವಿಲ್ಲ. ಮೊದಮೊದಲು ಪರದೆಯ ಮುಂದೆಯೇ ಕಾದು ಕೂರುತ್ತಿದ್ದರು. ಆಮೇಲೆ ಒಮ್ಮೆ ದೊಡ್ಡಮ್ಮ, “ಸುಮ್ನೆ ಅದರ ಮುಖ ಏನ್ ನೋಡೋದು, ಒಂದು ಸುತ್ತು ಹೋಗಿಬರೋಣ ನಡೀರಿ” ಎಂದರು. ಹಗಲು ಹೊತ್ತಿನಲ್ಲಿ ಲ್ಯಾಬು ಮುಚ್ಚಿ ಇಬ್ಬರೂ ಜೊತೆಯಾಗಿ ಹೊರಗೆ ಹೋದದ್ದು ಅದೇ ಮೊದಲಂತೆ.

ಈಗ ಅದೇ ರೂಢಿಯಾಗಿದೆ. ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ನನಗೆ ಸಿಕ್ಕರು. ದೊಡ್ಡಪ್ಪನ ತಲೆಕೂದಲಲ್ಲಿ ಬಿಳಿ ಧೂಳು ಹಾಗೇ ಇತ್ತು, ದೊಡ್ಡಮ್ಮ ಅದನ್ನು ಸೆರಗಿನಿಂದ ಕೊಡವುತ್ತಿದ್ದರು.

“ಇಲ್ಲೇನ್ ಮಾಡ್ತಿದ್ದೀರಾ?” ಎಂದೆ.

“ಅಪ್‌ಡೇಟ್ ಆಗ್ತಿದೆ” ಎಂದರು ಇಬ್ಬರೂ ಒಟ್ಟಿಗೆ, ನನಗೆ ಕೂರಲು ಜಾಗ ಬಿಡುತ್ತಾ.