ಹುಣಸೆಹಣ್ಣಿನಲ್ಲಿ ತೊಳೆದ ಆನೆ ಕಾಸು

ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಚಿಂತಾಮಣಿಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆ. ಏಳುವುದು, ಸ್ನಾನ, ತಿಂಡಿ ಎಲ್ಲವೂ ಡ್ಯೂಟಿಯಲ್ಲಿದ್ದಾಗಿನ ಹೊತ್ತಿಗೇ ನಡೆಯುತ್ತಿದ್ದವು. ಬಿಸಿಲೇರುವ ಮೊದಲೇ ಕೆಲಸವೆಲ್ಲ ಮುಗಿದು, ಉಳಿದ ಹಗಲು ಎದುರಿಗೆ ಬಂದು ಕೂರುತ್ತಿತ್ತು.

ಅದಕ್ಕೆಂದು ನಾಣ್ಯಗಳಿದ್ದವು. ಮಸ್ಕತ್ತಿಗೆ, ಆಫ್ರಿಕಾಕ್ಕೆ ಕೆಲಸಕ್ಕೆ ಹೋದ ಜೊತೆಯ ನರ್ಸ್‌ಗಳು ರಜೆಗೆ ಬಂದಾಗ ಕೊಟ್ಟವೇ ಅವುಗಳಲ್ಲಿ ಹೆಚ್ಚು. ಯೂರೋ ಬಂದ ಹೊಸತರಲ್ಲಿ ಒಬ್ಬಳು ಇಟಲಿಯ ಹಳೆಯ ಲೀರಾಗಳನ್ನು ಒಂದು ಹಿಡಿ ತಂದಿದ್ದಳು. ನಾನು ಅವನ್ನು ದೇಶವಾರು ಜೋಡಿಸಲಿಲ್ಲ, ಲೋಹವಾರು ಜೋಡಿಸಿದೆ: ತಾಮ್ರ, ಹಿತ್ತಾಳೆ, ನಿಕಲ್, ಅಲ್ಯೂಮಿನಿಯಂ, ಒಂದೊಂದಕ್ಕೆ ಒಂದೊಂದು ಡಬ್ಬಿ.

"ಇದೇನು ಸಿಸ್ಟರ್, ಇಂಗ್ಲೆಂಡಿನ ರಾಣಿ ಪಕ್ಕದಲ್ಲಿ ನಮ್ಮ ಕಾಲಾಣೆ ಮಲಗಿಸಿದ್ದೀರಿ?" ಎಂದು ಗೌರಿಬಿದನೂರಿನ ಡ್ರಾಯಿಂಗ್ ಮೇಷ್ಟ್ರು ಗೊಣಗುತ್ತಿದ್ದರು.

"ಇಬ್ಬರದೂ ಒಂದೇ ವಾರ್ಡು, ಮೇಷ್ಟ್ರೇ."

ಅವರೂ ನಿವೃತ್ತರು, ನಾಣ್ಯ ಕೂಡಿಡುವವರು. ತಿಂಗಳ ಮೊದಲ ಭಾನುವಾರ ಬಸ್ಸು ಹಿಡಿದು ಬರುತ್ತಿದ್ದರು. ಅವರ ಕಣ್ಣೆಲ್ಲ ನನ್ನ ತಾಮ್ರದ ಡಬ್ಬಿಯಲ್ಲಿದ್ದ ಮೈಸೂರಿನ ಆನೆ ಕಾಸಿನ ಮೇಲೆ. ಕಾಲ ಅದರ ಮೇಲೆ ಕಂದುಹಸಿರಿನ ಒಂದು ಪದರ ಹೊದಿಸಿತ್ತು. ಆನೆ ಆ ಕತ್ತಲಿನಿಂದ ಹೊರಗೆ ಬರುತ್ತಿರುವಂತೆ ಕಾಣುತ್ತಿತ್ತು. ಆ ಪದರ ಹೋದರೆ ಸಂಗ್ರಹಕಾರರಿಗೆ ಅಂಥ ಕಾಸು ಬೇಡ. ಕೊಡಿ ಎಂದು ಅವರು ಕೇಳುವುದು, ಮುಂದಿನ ತಿಂಗಳು ನೋಡೋಣ ಎಂದು ನಾನು ಹೇಳುವುದು. ಕೊಟ್ಟುಬಿಟ್ಟರೆ ಅಷ್ಟು ದೂರ ಬರಲು ಅವರಿಗೆ ಬೇರೆ ಕಾರಣ ಇರಲಿಲ್ಲ.

ಕೆಳಗಿನ ಮನೆಯ ಒಡತಿ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನಿಂದ ತಾವರೆ ಚಿತ್ರದ ಹಳದಿ ಇಪ್ಪತ್ತು ಪೈಸೆಗಳನ್ನು ಒಯ್ದು ಕಲಶದ ಮುಂದೆ ಇಡುತ್ತಿದ್ದಳು. ಆ ವರ್ಷ ಅವಳು ಕೇಳಲು ಬಂದಾಗ ನಾನು ಮಾರುಕಟ್ಟೆಗೆ ಹೊರಟಿದ್ದೆ. "ಕಪಾಟಿನಲ್ಲಿದೆ, ತಗೊಳ್ಳಮ್ಮ" ಎಂದು ಹೇಳಿ ಹೋದೆ. ವಾಪಸು ಬರುವಷ್ಟರಲ್ಲಿ ಅವಳು ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಇಪ್ಪತ್ತು ಪೈಸೆಗಳ ಜೊತೆ ತಾಮ್ರದ ನಾಣ್ಯಗಳೂ ಕೆಂಪಗೆ ಹೊಳೆಯುತ್ತಿದ್ದವು.

"ಪಾಪ, ಎಷ್ಟು ಕಿಲುಬು ಹಿಡ್ದಿತ್ತು ಸಿಸ್ಟರಮ್ಮ! ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳು ಉರೀತಾ ಐತೆ. ಎಂತ ಬಾಗುಂದೋ ಚೂಡಂಡಿ!" ಸಂತೋಷವಾದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು.

ಆನೆ ನುಣ್ಣಗೆ ಕೆಂಪಗಾಗಿ, ಹೊಸ ಗುಂಡಿಯ ಮೇಲಿನ ಚಿತ್ರದ ಹಾಗಿತ್ತು. ನಾನು ಚೀಲ ಕೆಳಗಿಟ್ಟು, "ಹೌದಮ್ಮ, ಚೆನ್ನಾಗಿದೆ" ಎಂದೆ. ಜ್ವರ ಬಂದರೆ ಗಂಜಿ ತರುವವಳು ಅವಳೊಬ್ಬಳೇ.

ಭಾನುವಾರ ಮೇಷ್ಟ್ರು ಬಂದರು. ಈ ಸಲ ಕಾಸನ್ನು ನಾನಾಗಿಯೇ ಅವರ ಅಂಗೈಗೆ ಇಟ್ಟೆ. ಅವರು ಭೂತಗನ್ನಡಿ ತೆಗೆದವರು ಅದನ್ನು ಕಣ್ಣಿಗೆ ಹಿಡಿಯಲೇ ಇಲ್ಲ.

"ಹುಣಸೆಹಣ್ಣಾ?"

"ಹೌದು."

"ನರ್ಸಮ್ಮನ ಕೈಗೆ ಸಿಕ್ಕರೆ ಆನೆಗೂ ಸ್ನಾನ ತಪ್ಪಲಿಲ್ಲ ನೋಡಿ" ಎಂದು ನಕ್ಕರು. ಆಗಲೇ ಒಡತಿ ಒಬ್ಬಟ್ಟಿನ ತಟ್ಟೆ ಹಿಡಿದು ಒಳಗೆ ಬಂದು, ನಮ್ಮಿಬ್ಬರ ಮುಖ ನೋಡಿ ತಾನೂ ನಕ್ಕಳು. ತೊಳೆದವಳು ನಾನಲ್ಲ ಎಂದು ನಾನು ಮೇಷ್ಟ್ರಿಗೆ ಹೇಳಲಿಲ್ಲ. ಮೇಷ್ಟ್ರು ಒಬ್ಬಟ್ಟು ತಿಂದರು, ಚೆನ್ನಾಗಿದೆ ಎಂದರು, ಕಾಸನ್ನು ಮೇಜಿನ ಮೇಲಿಟ್ಟು ಮಧ್ಯಾಹ್ನದ ಬಸ್ಸಿಗೇ ಹೊರಟರು. ಯಾವಾಗಲೂ ಸಂಜೆಯ ಬಸ್ಸಿಗೆ ಹೋಗುತ್ತಿದ್ದರು.

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಕೂತಿದ್ದೆ. ಒಡತಿ ಬಾಗಿಲಲ್ಲಿ ಇಣುಕಿದಳು.

"ಮೇಷ್ಟ್ರು ಬರ್ಲಿಲ್ವಾ?"

"ಇಲ್ಲಮ್ಮ."

ಅವಳು ಅವರ ಕುರ್ಚಿಯಲ್ಲಿ ಕೂತು ನಿಕಲ್ ಡಬ್ಬಿಗೆ ಕೈ ಹಾಕಿದಳು. ಒಂದು ನಾಣ್ಯ ಎತ್ತಿ, "ಇದ್ರಾಗೆ ಕೊಕ್ಕರೆ ಐತಲ್ಲ! ಇನ್ನ ಯಾವುದ್ರಾಗೆ ಹಕ್ಕಿ ಐತೆ, ತೋರ್ಸಿ" ಎಂದಳು. ನಾನು ಲೋಹದ ಬಗ್ಗೆ ಹೇಳುವುದನ್ನು ಬಿಟ್ಟು, ಹಕ್ಕಿಗಳಿರುವ ನಾಣ್ಯಗಳನ್ನು ಹುಡುಕಲು ತೊಡಗಿದೆ. ಕೆಳಗೆ ಕುಕ್ಕರ್ ಕೂಗಿತು. ಬರ್ತೀನಿ ಎಂದು ಅವಳು ಓಡಿದಳು. ಆಮೇಲೆ ಹಿತ್ತಾಳೆ ಡಬ್ಬಿಯ ತಳದಲ್ಲಿ ಒಂದು ಹದ್ದು ಸಿಕ್ಕಿತು. ಅವಳು ಮತ್ತೆ ಮೇಲೆ ಬಂದರೆ ತೋರಿಸೋಣವೆಂದು ಅದನ್ನು ಬೇರೆ ಇಟ್ಟು, ಉಳಿದ ಡಬ್ಬಿಗಳ ಮುಚ್ಚಳ ಹಾಕಿದೆ.