ಮೈಲಾರಲಿಂಗಪ್ಪನವರ ಎಡಗಣ್ಣು

ಭತ್ತದ ಸ್ಯಾಂಪಲ್ ನೋಡುವಾಗ ಮೈಲಾರಲಿಂಗಪ್ಪ ಎಡಗಣ್ಣು ಮುಚ್ಚುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ಚೀಲಕ್ಕೆ ಮೊನಚಾದ ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ತೆಗೆಯುವುದು, ಅಂಗೈಯಲ್ಲಿ ಹಾಕಿ ಮರದ ತುಂಡಿನಿಂದ ಉಜ್ಜುವುದು, ಹೊಟ್ಟು ಊದುವುದು, ಉಳಿದ ಅಕ್ಕಿಯನ್ನು ಮುಖದ ಹತ್ತಿರ ತಂದು ಬಲಗಣ್ಣಿನಿಂದ ನೋಡುವುದು. ನುಚ್ಚು ಎಷ್ಟು, ಹಸಿ ಎಷ್ಟು ಎಂದು ಅವರು ಹೇಳಿದ ಮೇಲೆಯೇ ಅವರು ಕೆಲಸ ಮಾಡುವ ಸಿಂಧನೂರಿನ ಅಕ್ಕಿ ಗಿರಣಿಯೊಳಗೆ ಲಾರಿ ಬರುತ್ತಿತ್ತು. ಕೆಲಸ ಕಲಿಸಿದ ಹಿರಿಯರು ಎಡಗಣ್ಣು ಮುಚ್ಚುತ್ತಿದ್ದರು, ಇವರೂ ಮುಚ್ಚಿದರು. ಯಾಕೆಂದು ಕೇಳಿದವರಿಲ್ಲ.

ಅವರಿಗೀಗ ಐವತ್ತಾರು. ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಎಂಟರ ಬಸ್ಸಿಗೆ ಸಿಂಧನೂರು, ಸಂಜೆ ವಾಪಸ್. ಶುಗರ್ ಬಂದು ಒಂಬತ್ತು ವರ್ಷವಾಯಿತು. ಗುಳಿಗೆ ತಪ್ಪಿಸಿದವರಲ್ಲ. ಆದರೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದಾಗಲೆಲ್ಲ ನಕ್ಕು ಬರುತ್ತಿದ್ದರು. ದಿನಾ ಸಾವಿರಾರು ಕಾಳು ನೋಡುವವನಿಗೆ ಬೇರೆ ಪರೀಕ್ಷೆ ಯಾಕೆ ಎನ್ನುವುದು ಅವರ ವಾದ.

ಹೆಂಡತಿ ಗ್ಯಾನಮ್ಮನಿಗೆ ಮಾತ್ರ ಅನುಮಾನವಿತ್ತು. ಗಂಡ ಕಪ್ಪಿನಿಂದ ಬಸಿಗೆ ಚಹಾ ಹೊಯ್ಯುವಾಗ ಅರ್ಧ ನೆಲಕ್ಕೆ ಬೀಳುತ್ತಿತ್ತು. ಎಡಗಡೆ ಇಟ್ಟ ಕೊಡಕ್ಕೆ ಎರಡು ಸಲ ಎಡವಿದ್ದರು.

"ಕಾಳಿನಾಗಿನ ನುಚ್ಚು ಕಾಣ್ತೈತಿ, ಕೊಡ ಕಾಣಂಗಿಲ್ಲ" ಎಂದು ಆಕೆ ಓಣಿಯವರ ಮುಂದೆಯೇ ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ, ಸುಗ್ಗಿಯ ಭರಾಟೆಯ ನಡುವೆ, ಗಿರಣಿಯ ಅಂಗಳದಲ್ಲೇ ಕಣ್ಣಿನ ತಪಾಸಣೆ ನಡೆಯಿತು. ಆಸ್ಪತ್ರೆಯಿಂದ ಹುಸೇನ್‌ಬೀ ಎಂಬ ನರ್ಸ್ ಒಂದು ಕ್ಯಾಮೆರಾ, ಅಕ್ಷರದ ಚಾರ್ಟು ಹಿಡಿದು ಬಂದಿದ್ದರು. ಹಮಾಲರ ಮೇಸ್ತ್ರಿ ಮಾನಪ್ಪ ಮೈಲಾರಲಿಂಗಪ್ಪನವರ ಹಳೆಯ ಗೆಳೆಯ. ಕಣ್ಣು ಚೆನ್ನಾಗಿದೆಯೆಂದರೆ ಎಲ್ಲರಿಗೂ ಮಿರ್ಚಿ ಭಜಿ ತಾನು ಕೊಡಿಸುವುದಾಗಿಯೂ, ಇಲ್ಲವಾದರೆ ಇವರು ಕೊಡಿಸಬೇಕೆಂದೂ ಆತ ಪಂಥ ಕಟ್ಟಿದ. ಮಿರ್ಚಿಯ ಆಸೆಗೇ ಇವರು ಸಾಲಿನಲ್ಲಿ ನಿಂತರು.

ಎಡಗಣ್ಣು ಮುಚ್ಚಿ ಕೊನೆಯ ಸಾಲಿನವರೆಗೆ ಓದಿದರು. ಬಲಗಣ್ಣು ಮುಚ್ಚಲು ಹೇಳಿದಾಗ ಮೇಲಿನ ದೊಡ್ಡಕ್ಷರದ ಕೆಳಗೆ ಇಳಿಯಲಿಲ್ಲ. ಚಾರ್ಟಿನ ಮುದ್ರಣ ಸರಿಯಿಲ್ಲ ಎಂದರು. ಹುಸೇನ್‌ಬೀ ವಾದಕ್ಕಿಳಿಯಲಿಲ್ಲ. ಪಕ್ಕದ ಮೇಜಿನ ಮೇಲೆ ಒಂದು ಕಾಗದದಲ್ಲಿ ಅಕ್ಕಿ ಇತ್ತು. ಅದನ್ನು ಅವರ ಅಂಗೈಗೆ ಸುರಿದು, "ಚಾರ್ಟ್ ಬಿಡ್ರಿ ಅಣ್ಣಾರ. ಇದನ್ನ ನೋಡ್ರಿ, ಬಲಗಣ್ಣು ತೆಗೀಬ್ಯಾಡ್ರಿ" ಎಂದರು.

ಮೈಲಾರಲಿಂಗಪ್ಪ ಅಂಗೈ ಹತ್ತಿರ ತಂದರು, ದೂರ ಹಿಡಿದರು.

"ಬರೇ ನುಚ್ಚು. ಯಾರ ಮಾಲದು? ಲಾರಿ ವಾಪಸ್ ಕಳಸ್ರಿ."

ಮಾನಪ್ಪ ಜೋರಾಗಿ ನಕ್ಕ. "ನಿಂದ ಲೇ ಮೈಲಾರಿ. ಮುಂಜಾನಿ ನೀನ ಪಾಸ್ ಮಾಡಿದ್ದು."

ಕಾಗದದ ಮೇಲೆ ಅವರದೇ ಅಕ್ಷರವಿತ್ತು. ಬಲಗಣ್ಣು ತೆರೆದರು: ಉದ್ದನೆಯ ಇಡೀ ಕಾಳುಗಳು. ಮುಚ್ಚಿದರು: ನಡುವಿನ ಕಾಳೆಲ್ಲ ಸೊಟ್ಟ, ತುಂಡು ತುಂಡು. ಮತ್ತೆ ತೆರೆದರು. ಮಾನಪ್ಪನ ನಗು ಅಷ್ಟರಲ್ಲಿ ನಿಂತಿತ್ತು. ಕಣ್ಣು ಹೋದರೆ ಈ ಮನುಷ್ಯನಿಗೆ ಗಿರಣಿಯಲ್ಲಿ ಏನು ಕೆಲಸ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹುಸೇನ್‌ಬೀ ಎರಡೂ ಕಣ್ಣಿನ ಒಳಭಾಗದ ಚಿತ್ರ ತೆಗೆದು ಲಿಂಗಸುಗೂರಿನ ಕಣ್ಣಿನ ವೈದ್ಯೆಗೆ ಕಳಿಸಿ, ಅವರನ್ನು ಹೋಗಿ ಕಾಣಲು ಹೇಳಿದರು. ಮರುದಿನವೇ ಗ್ಯಾನಮ್ಮ ಗಂಡನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿದಳು. ವೈದ್ಯೆ ಚಿತ್ರ ತೋರಿಸಿ ವಿವರಿಸಿದರು. ಬಹಳ ದಿನ ಶುಗರ್ ಹೆಚ್ಚಿದ್ದರೆ ಕಣ್ಣಿನ ಹಿಂದಿನ ಪರದೆಯ ಕೂದಲೆಳೆಯಂಥ ರಕ್ತನಾಳಗಳು ಸೋರುತ್ತವೆ. ನೋವಿರುವುದಿಲ್ಲ. ಎಡಗಣ್ಣಿನಲ್ಲಿ ಸೋರಿದ ನೀರು ಪರದೆಯ ನಡುಭಾಗಕ್ಕೆ ಬಾವು ತಂದಿತ್ತು.

ಮೈಲಾರಲಿಂಗಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಬಲಗಣ್ಣು?"

ಅದರಲ್ಲೂ ಸಣ್ಣ ಕೆಂಪು ಚುಕ್ಕೆಗಳು ಶುರುವಾಗಿದ್ದವು. ಕೊನೆಯ ಸಾಲು ಓದಿದ ಕಣ್ಣು ಅದು. ಈಗ ಅದಕ್ಕೆ ಚಿಕಿತ್ಸೆ ಬೇಡ, ಶುಗರ್ ಮತ್ತು ಬಿಪಿ ಹಿಡಿತದಲ್ಲಿಟ್ಟು, ಹೇಳಿದ ದಿನಕ್ಕೆ ಬಂದು ತೋರಿಸಿದರೆ ಸಾಕು ಎಂದರು ವೈದ್ಯೆ. ಎಡಗಣ್ಣಿಗೆ ಇಂಜೆಕ್ಷನ್ ಬೇಕು. ಎಷ್ಟು ಸುಧಾರಿಸುತ್ತದೆಂದು ಮಾತು ಕೊಡಲಾಗದು, ಆದರೆ ತಡವಾಗಿಲ್ಲ ಎಂದರು.

ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆದವು. ಪ್ರತಿ ಸಲವೂ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿ ಕುಳಿತ ಗಂಡನನ್ನು ಗ್ಯಾನಮ್ಮ ಪಕ್ಕದವರಿಗೆ ಸಿನಿಮಾದವರು ಎಂದು ಪರಿಚಯಿಸಿದಳು. ಗುಡ್ಡದಂಥ ಅನ್ನದ ರಾಶಿ ತಟ್ಟೆಯಲ್ಲಿ ಅರ್ಧಕ್ಕಿಳಿಯಿತು, ಜೋಳದ ರೊಟ್ಟಿ, ಪಲ್ಯ ಹೆಚ್ಚಾದವು. ಸಂಜೆ ಬಸ್ಸಿಳಿದವರು ಮನೆಗೆ ಸುತ್ತು ದಾರಿಯಲ್ಲಿ ನಡೆದು ಹೋಗತೊಡಗಿದರು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಅಂಕಿ ಶೇಕಡಾ ಒಂಬತ್ತೂವರೆಯಿಂದ ಏಳಕ್ಕೆ ಬಂತು.

ಏಪ್ರಿಲ್ ಕೊನೆಗೆ ಬೇಸಿಗೆ ಬೆಳೆಯ ಭತ್ತ ಬಂತು. ಮಾನಪ್ಪ ನಲವತ್ತು ಅಕ್ಕಿಕಾಳು ಎಣಿಸಿ, ಅದರಲ್ಲಿ ಐದು ಮುರಿದ ಕಾಳು ಸೇರಿಸಿ, ಗೆಳೆಯನ ಅಂಗೈಗೆ ಹಾಕಿ, ಎಡಗಣ್ಣಿನಿಂದ ನೋಡಿ ಮುರಿದವೆಷ್ಟು ಹೇಳೆಂದು ಸವಾಲು ಹಾಕಿದ. ಹಮಾಲರು ಚೀಲ ಇಳಿಸಿ ಸುತ್ತ ನಿಂತರು. ಮೈಲಾರಲಿಂಗಪ್ಪ ಬಲಗಣ್ಣು ಮುಚ್ಚಿದರು. ಹೊತ್ತು ಹಿಡಿಯಿತು.

"ಆರು."

ಮಾನಪ್ಪ ಗೆದ್ದೆನೆಂದು ಕಾಗದದ ಮೇಲೆ ಕಾಳು ಹರಡಿದ. ಐದರ ಪಕ್ಕದಲ್ಲಿ ಇನ್ನೊಂದರ ತುದಿ ಚೂರು ಹಾರಿತ್ತು. ತಾನೇ ಎಣಿಸುವಾಗ ಮಾನಪ್ಪನಿಗೆ ಅದು ಕಂಡಿರಲಿಲ್ಲ. ಆತ ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ.

"ನಿನಗೂ ಶುಗರ್ ಐತಿ ಹೌದಲ್ಲ? ಯಾವಾಗ ತೋರಿಸ್ತಿ?" ಎಂದರು ಮೈಲಾರಲಿಂಗಪ್ಪ.

ತನಗೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ ಎಂದ ಮಾನಪ್ಪ.

"ನಂದೂ ಬಲಗಣ್ಣು ಕಾಣ್ತಿತ್ತಲೇ. ಒಳಗ ಚುಕ್ಕಿ ಇದ್ವು. ಫೋಟೋ ತೆಗಸು."

ಡಿಸೆಂಬರಿನ ಪಂಥದಲ್ಲಿ ಸೋತ ಮಿರ್ಚಿಯನ್ನು ಅಂದು ಮೈಲಾರಲಿಂಗಪ್ಪ ತರಿಸಿದರು. ಒಂದನ್ನು ತಾವು ತಿಂದು, ಎರಡನೆಯದನ್ನು ಗ್ಯಾನಮ್ಮನ ಹೆಸರು ಹೇಳಿ ವಾಪಸಿಟ್ಟರು. ಮಾನಪ್ಪ ಮುಂದಿನ ಸೋಮವಾರ ಲಿಂಗಸುಗೂರಿಗೆ ಹೋದ. ಜೊತೆಗೆ ಹೋದವರು ಮೈಲಾರಲಿಂಗಪ್ಪ, ಅವರ ತಪಾಸಣೆಯ ದಿನವೂ ಅದೇ ಆಗಿತ್ತು. ಗಿರಣಿಯಲ್ಲಿ ಈಗ ಅವರು ಒಂದು ಲಾರಿಗೆ ಬಲಗಣ್ಣು, ಇನ್ನೊಂದಕ್ಕೆ ಎಡಗಣ್ಣು ಮುಚ್ಚುತ್ತಾರೆ.