ಪುನುಗು ಬೆಕ್ಕಿನ ಪುಣ್ಯತೀರ್ಥ

ಗರುಡಾಚಾರ್‌ಪಾಳ್ಯದ ರಾಗಿ ಹೊಲಗಳು ಕಂಪನಿಗಳ ಪಾಲಾದ ಮೇಲೆ ಮುನಿಕೃಷ್ಣಪ್ಪನವರು ಕುಕ್ ಟೌನಿನ ಹಳೇ ಬಂಗಲೆಯೊಂದನ್ನು ಕೊಂಡು, ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸಿದರು. ಅವರಿಗೆ ಈಜು ಬರುತ್ತಿರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಕೊಳ ನೋಡಿದ ನೆಂಟರು ಹೊಟ್ಟೆ ಉರಿದುಕೊಳ್ಳುವುದನ್ನು ದಡದಲ್ಲಿ ಕೂತು ನೋಡಿದರೆ ಅವರಿಗೆ ಅಂದಿನ ಊಟ ರುಚಿಸುತ್ತಿತ್ತು. ನೀರಿಗಿಳಿಯುವ ಕೆಲಸ ಮೊಮ್ಮಗಳು ಪೂಜಿತಾಳದು. ಆ ಹುಡುಗಿಯೆಂದರೆ ಅವರಿಗೆ ಪ್ರಾಣ. ಊರೆಲ್ಲ ಹೊಗಳಿದರೂ ಅವಳೊಬ್ಬಳು ಮುಖ ತಿರುಗಿಸಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪೂಜಿತಾ ತನ್ನ ಕ್ಲಾಸಿನ ಗೌತಮಿಯನ್ನು ಈಜಲು ಕರೆತಂದಳು. ಇಬ್ಬರೂ ಈಜಿ ಮೇಲೆ ಬಂದಾಗ ತಾತ ವಾಡಿಕೆಯಂತೆ ವಿಚಾರಣೆ ನಡೆಸಿದರು. ಯಾವೂರು, ಯಾರ ಪೈಕಿ, ಮನೆದೇವರು ಯಾವುದು?

"ನಮ್ಮನೇಲಿ ಬುದ್ಧನ ಫೋಟೋ ಇದೆ ತಾತ" ಎಂದಳು ಗೌತಮಿ.

ಮುನಿಕೃಷ್ಣಪ್ಪನವರಿಗೆ ಅಷ್ಟೇ ಸಾಕಾಯಿತು. ನಗುನಗುತ್ತಲೇ ಜ್ಯೂಸ್ ಕೊಡಿಸಿ ಕಳಿಸಿ, ಮರುದಿನ ಕೊಳದ ನೀರನ್ನೆಲ್ಲ ಚರಂಡಿಗೆ ಬಿಡಿಸಿದರು. ಯಾಕೆಂದು ಪೂಜಿತಾ ಕೇಳಿದಳು.

"ಅವ್ರೆಲ್ಲ ಇಳಿದ್ರೆ ನೀರು ಮೈಲ್ಗೆ ಆಯ್ತದೆ ಕಣವ್ವ. ನಿಂಗೆ ಗೊತ್ತಾಗಕಿಲ್ಲ."

ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆದರೆ ಮರೆಯಲೂ ಇಲ್ಲ.

ಟ್ಯಾಂಕರ್ ನೀರು ತುಂಬಿಸಿ ಕೆಲವು ದಿನ ಆಗಿತ್ತಷ್ಟೆ. ಒಂದು ಬೆಳಿಗ್ಗೆ ಕೊಳದ ಮೆಟ್ಟಿಲ ಮೇಲೆಲ್ಲ ಹಣ್ಣಿನ ಬೀಜ ತುಂಬಿದ ಹೇಲು. ಕೊಳ ಶುಚಿ ಮಾಡಲು ಶಿವಾಜಿನಗರದಿಂದ ಬರುತ್ತಿದ್ದ ಜಿಯಾವುಲ್ಲಾ ಮೂಗು ಮುಚ್ಚಿಕೊಂಡ.

"ಪುನುಗು ಬೆಕ್ಕು ಸಾರ್. ಇದ್ರಲ್ಲಿ ಹುಳ ಇರ್ತದೆ. ನೀರು ಖಾಲಿ ಮಾಡಿ, ಉಜ್ಜಿ, ಕ್ಲೋರಿನ್ ಹಾಕೋವರ್ಗೂ ಮಕ್ಕಳ್ನ ಬಿಡಬೇಡಿ."

ಮುನಿಕೃಷ್ಣಪ್ಪನವರ ತಲೆಗೆ ಹೋದದ್ದು 'ಪುನುಗು' ಎಂಬುದೊಂದೇ. ಅಭಿಷೇಕವಾದ ಮೇಲೆ ತಿರುಪತಿ ತಿಮ್ಮಪ್ಪನ ಮೈಗೆ ಹಚ್ಚುವ ಪುನುಗು! ಮನೆದೇವರ ಸೇವೆಯ ಪ್ರಾಣಿ ಮನೆ ಹುಡುಕಿಕೊಂಡು ಬಂದಿದೆ! ಆ ಪರಿಮಳ ಬೆಕ್ಕಿನ ಯಾವ ಭಾಗದಿಂದ ಬರುತ್ತದೆ, ಇಲ್ಲಿ ಬಿದ್ದಿರುವುದು ಯಾವ ಭಾಗದಿಂದ ಎಂಬ ತನಿಖೆಗೆ ಅವರ ಭಕ್ತಿ ಇಳಿಯಲಿಲ್ಲ. ಕೈಮುಗಿದರು. ಹೆಂಡತಿ ಮುನಿವೆಂಕಟಮ್ಮ ದಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಾಳೆಹಣ್ಣು ಇಟ್ಟರು. ಇಂಥ ಉಪಚಾರ ಸಿಕ್ಕಿದರೆ ಯಾವ ಬೆಕ್ಕು ಬೇಡ ಅನ್ನುತ್ತದೆ? ಅದು ಸಂಸಾರ ಸಮೇತ ಬರತೊಡಗಿತು. ನೀರು ಹಸಿರಾಯಿತು. ಕೆ.ಆರ್. ಪುರದ ನೆಂಟರು ಬಂದು ದೂರದಿಂದಲೇ ನಮಸ್ಕಾರ ಹಾಕಿ ಹೋದರು.

ಪೂಜಿತಾಳ ಹುಟ್ಟುಹಬ್ಬಕ್ಕೆ ಬಳಗವೆಲ್ಲ ಕೊಳದ ಸುತ್ತ ಸೇರಿತ್ತು.

"ಇಳಿಯವ್ವ, ತೀರ್ಥ ಅದು" ಎಂದರು ತಾತ.

ಪೂಜಿತಾ ನೀರನ್ನು ನೋಡಿದಳು. "ಗೌತಮಿ ಸ್ನಾನ ಮಾಡ್ಕೊಂಡೇ ಇಳಿದಿದ್ಲು ತಾತ. ನೀರೆಲ್ಲ ಚೆಲ್ಲಿಸಿಬಿಟ್ರಿ. ಬೆಕ್ಕು ಕಕ್ಕ ಮಾಡಿದ್ರೆ ತೀರ್ಥನಾ?"

ಮುನಿಕೃಷ್ಣಪ್ಪನವರ ಮುಖ ಕೆಂಪಾಯಿತು.

"ಅದು ದೇವ್ರ ಬೆಕ್ಕು ಕಣವ್ವ."

"ಹಾಗಾದ್ರೆ ನೀವೇ ಇಳೀರಿ."

ನೆಂಟರಿಗೆ ಜೀವ ಬಂದಂತಾಯಿತು. "ಹೌದೌದು, ಯಜಮಾನ್ರೇ ಮೊದ್ಲು!" ಎಂದರು. ದಾರಿ ಕಾಣದೆ ಮುನಿಕೃಷ್ಣಪ್ಪನವರು ಪಂಚೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದರು. ಅಂಗಾಲಿಗೆ ಏನೋ ಮೆತ್ತಗೆ ತಾಗಿತು. ಹಿಂದೆ ಒಬ್ಬರೂ ಇಳಿಯಲಿಲ್ಲ. ಅವಮಾನದಿಂದ ಅವರ ಕಣ್ಣು ಮಂಜಾಯಿತು, ತುಟಿ ಮಾತ್ರ ನಗುತ್ತಲೇ ಇತ್ತು.

ತಿರುಗಿ ನೋಡಿದರೆ ಪೂಜಿತಾ ಆಗಲೇ ಅಪ್ಪ ಜಗದೀಶನ ಕೈಯಲ್ಲಿ ಕೇಕಿನ ಡಬ್ಬ ಹೊರಿಸಿ, ಬೆನ್ಸನ್ ಟೌನಿನ ಗೌತಮಿಯ ಮನೆಗೆ ಹೊರಟಿದ್ದಳು. ಗೇಟಿನ ಹತ್ತಿರ ನಿಂತು, ಕೊಂಕೇನೂ ಇಲ್ಲದ ದನಿಯಲ್ಲಿ ಕೂಗಿ ಹೇಳಿದಳು:

"ನೀವೂ ಬನ್ನಿ ತಾತ, ಅವರೇನೂ ಅನ್ನಲ್ಲ. ಆದ್ರೆ ಸ್ನಾನ ಮಾಡ್ಕೊಂಡು ಬನ್ನಿ."